ಕುಂಡದಲ್ಲಿ ಸೊರಗಿದ ಗಿಡದ ಪಕ್ಷವಾಗಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸೀಮೆಯು, ತುಂಗಭದ್ರೆಯು ಅದರ ಪಶ್ಚಿಮದ ಅಂಚನ್ನು ತೋಯಿಸಿಕೊಂಡು ಹರಿಯುತ್ತಿದ್ದರೂ, ಬಹುಮಟ್ಟಿಗೆ ಮುಗಿಲನ್ನೇ ನೆಚ್ಚಿ ಬಾಳತಕ್ಕ ಬಯಲುನಾಡು. ಶೇಂಗಾ, ಜೋಳ, ಮೆಕ್ಕೆಜೋಳಗಳ ಈ ನೆಲದಲ್ಲಿ ಮನೆಯ ಮುಂದೆ ನಾಲ್ಕು ಕುಂಡಗಳನ್ನಿಟ್ಟು ಹೂ ಬೆಳೆಯಬೇಕೆಂಬ ಅಭಿಲಾಷೆಯು ಸಂತೋಷಕರವಾದುದೇ ಸರಿ. ಆದರೆ ಮಲೆನಾಡಿನ ಕಡೆಯ ನರ್ಸರಿಯಿಂದ ಮಳೆಗಾಲದಲ್ಲಿ ಉತ್ಸಾಹದಿಂದ ತಂದ ಗಿಡವು, ಮಾಘ ಕಳೆದು ಫಾಲ್ಗುಣ ಬರುವಷ್ಟರಲ್ಲಿ ಎಲೆಯುದುರಿಸಿ ನಿಂತಾಗ, ಮೊದಲು ಕೊಡಗಟ್ಟಲೆ ನೀರು, ಅನಂತರ ಹಿಡಿಗಟ್ಟಲೆ ಡಿ.ಎ.ಪಿ., ಕಡೆಗೆ ಹಿತ್ತಲಿನ ತಿಪ್ಪೆ, ಹೀಗೆ ಅದರ ಆಯುಷ್ಯವು ಮುಗಿದುಹೋಗುವುದನ್ನು ಕಾಣುವಾಗ ಮನಸ್ಸಿಗೆ ವ್ಯಥೆಯಾಗದಿರದು. ಇಂತಹ ಗಿಡಗಳಲ್ಲಿ ಅನೇಕವು ತಿಪ್ಪೆಗೆ ಬೀಳುವ ದಿನದಂದೂ ಸತ್ತಿರುವುದಿಲ್ಲ. ಚಿಕಿತ್ಸೆಯು ಅನುಕ್ರಮ ತಪ್ಪಿದುದೇ ಅವುಗಳ ನಾಶಕ್ಕೆ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ.

ಬ್ರುಗ್ಮಾನ್ಸಿಯಾ ಎಂಬ ಗಿಡದ ವಿಷಯದಲ್ಲಿ ಇದು ವಿಶೇಷವಾಗಿ ಸತ್ಯ. ಶಿವಪೂಜೆಗೆ ಸಲ್ಲುವ ನಮ್ಮ ದತ್ತೂರಿಗೆ ಇದು ಹತ್ತಿರದ ಸಂಬಂಧಿ. ದತ್ತೂರಿಯ ಹೂ ಮುಗಿಲಿಗೆ ಮುಖವೆತ್ತಿದರೆ, ಇದರದು ಗೇಣುದ್ದದ ಕಹಳೆಯಂತೆ ನೆಲದ ಕಡೆಗೆ ತೂಗುತ್ತದೆ. ಸಾಯಂಕಾಲವಾದೊಡನೆ ಅದರ ಪರಿಮಳವು ಅಂಗಳವನ್ನೆಲ್ಲ ವ್ಯಾಪಿಸುತ್ತದೆ. ಪರ್ಸೂನ್ ಎಂಬ ಸಸ್ಯಶಾಸ್ತ್ರಜ್ಞನು 1805ರಲ್ಲಿ ಇದನ್ನು ದತ್ತೂರಿಯಿಂದ ಬೇರ್ಪಡಿಸಿ ಸ್ವತಂತ್ರ ಕುಲವನ್ನಾಗಿ ಮಾಡಿದನು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ತಂಪಾದ ಇಳಿಜಾರುಗಳೂ ಬ್ರೆಜಿಲಿನ ತೇವದ ಕಾಡುಗಳೂ ಇದರ ತವರು. ಕೊಡಗು, ನೀಲಗಿರಿಗಳ ತಂಪಿನಲ್ಲಿ ಇದು ಆಯಾಸವಿಲ್ಲದೆ ಬೆಳೆಯುವುದಕ್ಕೆ ಅದೇ ಕಾರಣ. ಆದರೆ ಆ ತವರಿನ ಕಾಡುಗಳಲ್ಲಿ ಇಂದು ಈ ಗಿಡವಿಲ್ಲ. ಇದರ ಏಳು ಪ್ರಭೇದಗಳೂ ಕಾಡಿನಿಂದ ಅಳಿದುಹೋಗಿವೆಯೆಂದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪು ಪಟ್ಟಿಯಲ್ಲಿ ನಮೂದಿಸಿದೆ. ಮನುಷ್ಯನ ತೋಟವೂ ಕುಂಡವೂ ಮಾತ್ರವೇ ಈ ಕುಲಕ್ಕೆ ಉಳಿದಿರುವ ಆಶ್ರಯವಾಗಿರುವಾಗ, ಅದನ್ನು ಮನೆಗೆ ತಂದವನ ಹೊಣೆಯು ಸಾಮಾನ್ಯವಾದುದಲ್ಲ.

ಸೊರಗಿದ ಗಿಡದ ಕಾಂಡವನ್ನು ಉಗುರಿನಿಂದ ತುಸು ಗೀರಿ ನೋಡಿದಾಗ ಸಿಪ್ಪೆಯ ಕೆಳಗೆ ಹಸುರು ಕಂಡರೆ ಜೀವವಿದೆಯೆಂದು ತಿಳಿಯತಕ್ಕದ್ದು. ಅನಂತರ ಪರೀಕ್ಷಿಸಬೇಕಾದುದು ಬೇರನ್ನು. ಕುಂಡವನ್ನು ಓರೆಮಾಡಿ ಮಣ್ಣಿನ ಮುದ್ದೆಯನ್ನು ಮೆಲ್ಲನೆ ಹೊರಕ್ಕೆ ಜಾರಿಸಿದರೆ, ಬಿಳಿಯ ಗಟ್ಟಿ ಬೇರುಗಳು ಕಂಡಲ್ಲಿ ಆರೋಗ್ಯವೂ, ಕಂದಿ ಮೆತ್ತಗಾಗಿ ದುರ್ಗಂಧ ಬೀರುವ ಬೇರುಗಳು ಕಂಡಲ್ಲಿ ಕೊಳೆಯೂ, ಕುಂಡದ ಗೋಡೆಯನ್ನೇ ಸುತ್ತಿಕೊಂಡು ಜಡೆಗಟ್ಟಿದ ಬೇರುಗಳು ಕಂಡಲ್ಲಿ ಇಕ್ಕಟ್ಟೂ ಸ್ಪಷ್ಟವಾಗುತ್ತವೆ. ಕೊಳೆತುದನ್ನು ಕತ್ತರಿಸಿ ತೆಗೆದು, ಜಡೆಯನ್ನು ಬೆರಳಿನಿಂದ ಬಿಡಿಸಿ, ಬೇರು ಎಷ್ಟು ಕಡಿಮೆಯಾಯಿತೋ ಅದಕ್ಕೆ ಅನುಗುಣವಾಗಿ ಮೇಲಿನ ಕೊಂಬೆಗಳನ್ನೂ ಮೊಟಕುಗೊಳಿಸಬೇಕು. ಹೊಸ ಕುಂಡವು ಹಳೆಯದಕ್ಕಿಂತ ಎರಡು ಅಂಗುಲ ಅಗಲವಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಗಿಡ ದೊಡ್ಡದಾಗುವುದೆಂಬ ನಂಬಿಕೆಯು ಹಾನಿಕರ, ಏಕೆಂದರೆ ಬೇರು ಮುಟ್ಟದ ಮಣ್ಣಿನಲ್ಲಿ ನಿಂತ ನೀರು ಮತ್ತೆ ಕೊಳೆಗೇ ದಾರಿಯಾಗುತ್ತದೆ.

ಮಣ್ಣಿನ ವಿಷಯದಲ್ಲಿ ನಮ್ಮ ಸೀಮೆಯವರಿಗೆ ವಿಶೇಷ ಎಚ್ಚರಿಕೆ ಅಗತ್ಯ. ಎರೆಮಣ್ಣು ಹೊಲಕ್ಕೆ ಎಷ್ಟೇ ಶ್ರೇಷ್ಠವಾಗಿದ್ದರೂ ಕುಂಡದಲ್ಲಿ ತೋಯ್ದಾಗ ಉಬ್ಬಿ, ಒಣಗಿದಾಗ ಬಿರಿದು, ಗೋಡೆಯಿಂದ ಕಳಚಿ ನಿಲ್ಲುತ್ತದೆ. ಆಗ ಎರೆದ ನೀರೆಲ್ಲ ಆ ಸಂದಿಯಲ್ಲಿ ಇಳಿದುಹೋಗಿ ನಡುವಿನ ಬೇರು ಒಣಗಿಯೇ ಉಳಿಯುತ್ತದೆ. ರೈತರು ಬೇಸಗೆಯಲ್ಲಿ ಹೊಲಕ್ಕೆ ಹೊಡೆಯುವ ಕೆರೆಗೋಡೂ ಕುಂಡಕ್ಕೆ ಒಂದು ಹಿಡಿಗಿಂತ ಹೆಚ್ಚು ಕೂಡದು. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ದಪ್ಪ ಮರಳು, ಮೇಲೊಂದು ಹಿಡಿ ಬೇವಿನ ಹಿಂಡಿ, ಇಷ್ಟು ಸಾಕು. ಈ ಕಾರ್ಯಕ್ಕೆ ಪ್ರಶಸ್ತವಾದ ಕಾಲ ಮುಂಗಾರಿನ ಮೊದಲ ಮಳೆಗಳ ಅನಂತರ. ಬೇರು ಕೊಳೆಯುತ್ತಿದ್ದರೆ ಮಾತ್ರ ಮಳೆಗಾಗಿ ಕಾಯದೆ ಸಂಜೆಯ ತಂಪಿನಲ್ಲಿ ಮಾಡಿ, ಎರಡು ವಾರ ನೆರಳಿನಲ್ಲಿಡತಕ್ಕದ್ದು.

ನೀರಿನ ವಿಷಯವು ಇನ್ನೂ ಸೂಕ್ಷ್ಮ. ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್‌ಗೆ ಸಮೀಪಿಸುವ ನಮ್ಮ ಮಧ್ಯಾಹ್ನಗಳಲ್ಲಿ, ಈ ಗಿಡದ ಅಗಲವಾದ ಎಲೆಗಳು ಬೇರು ತಂದೊದಗಿಸುವುದಕ್ಕಿಂತ ವೇಗವಾಗಿ ನೀರನ್ನು ಕಳೆದುಕೊಳ್ಳುವುದರಿಂದ, ಮಣ್ಣು ಹಸಿಯಾಗಿದ್ದಾಗಲೂ ಜೋತುಬೀಳುತ್ತವೆ. ಅದನ್ನು ಬಾಯಾರಿಕೆಯೆಂದು ಭಾವಿಸಿ ಮತ್ತೆ ಮತ್ತೆ ನೀರೆರೆಯುವ ಕರುಣೆಯೇ ಅನೇಕ ಗಿಡಗಳನ್ನು ಕೊಂದಿದೆ. ಸೂರ್ಯಾಸ್ತದ ಹೊತ್ತಿಗೆ ಎಲೆ ತಾನಾಗಿ ನಿಮಿರಿದರೆ ಗಿಡಕ್ಕೆ ಬೇಕಾದುದು ನೀರಲ್ಲ, ನೆರಳು. ಬೆರಳನ್ನು ಎರಡು ಅಂಗುಲ ಮಣ್ಣಿನೊಳಗೆ ಇಳಿಸಿ, ತೇವ ತಾಗದಿದ್ದರೆ ಮಾತ್ರ, ತಳದ ರಂಧ್ರದಿಂದ ಹರಿದುಬರುವವರೆಗೆ ಧಾರಾಳವಾಗಿ ಎರೆಯಬೇಕು. ಮುಂಜಾವಿನ ಎಳೆಬಿಸಿಲು ಬೀಳುವ ಪೂರ್ವದ ಜಗುಲಿ, ಮಣ್ಣಿನ ಮೇಲೆ ಶೇಂಗಾ ಹೊಟ್ಟಿನ ಹೊದಿಕೆ, ಕುಂಡದ ಸುತ್ತ ತೋಯಿಸಿದ ಗೋಣಿಚೀಲ, ಇವಿಷ್ಟರಿಂದ ಬೇಸಗೆಯ ಅರ್ಧ ಸಂಕಟ ನೀಗುತ್ತದೆ. ಒಣಹವೆಯಲ್ಲಿ ಎಲೆಯ ಅಡಿಗೆ ಸೂಕ್ಷ್ಮವಾದ ಬಲೆ ನೇಯ್ದು ರಸ ಹೀರುವ ಕೆಂಪು ನುಸಿಗೆ, ಬೆಳಗಿನ ಹೊತ್ತು ಎಲೆಯ ಕೆಳಭಾಗಕ್ಕೆ ನೀರು ಚಿಮುಕಿಸುವುದೇ ಪ್ರಥಮ ಚಿಕಿತ್ಸೆ.

ಇನ್ನು, ಅನೇಕ ಊರುಗಳಲ್ಲಿ ಬೋರ್‌ವೆಲ್ಲಿನ ನೀರು ಗಡಸು. ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿ, ಎಳೆಯ ಎಲೆಗಳು ನರ ಮಾತ್ರ ಹಸುರಾಗಿ ಉಳಿದು ಮಿಕ್ಕೆಲ್ಲ ಹಳದಿಯಾದರೆ, ಆ ನೀರಿನ ಸುಣ್ಣವು ಮಣ್ಣಿನಲ್ಲಿರುವ ಕಬ್ಬಿಣವನ್ನು ಬೇರಿಗೆ ದಕ್ಕದಂತೆ ಮಾಡಿದೆಯೆಂದು ಊಹಿಸಬಹುದು. ಶುದ್ಧ ನೀರಿನ ಘಟಕಗಳು ಹೊರಬಿಡುವ ಉಪ್ಪುನೀರನ್ನಂತೂ ಕುಂಡಕ್ಕೆ ಎರೆಯಲೇಕೂಡದು. ಇದಕ್ಕೆ ಮಳೆನೀರೇ ಪರಮೌಷಧ: 10 ಅಡಿ ಉದ್ದ, 10 ಅಡಿ ಅಗಲದ ಮಾಳಿಗೆಯ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ ಇನ್ನೂರು ಲೀಟರಿಗೂ ಮಿಕ್ಕ ನೀರು ದೊರೆಯುತ್ತದೆ, ಅದನ್ನು ಒಂದು ಡ್ರಮ್ಮಿನಲ್ಲಿ ಮುಚ್ಚಿಡುವಷ್ಟು ಶ್ರಮವನ್ನು ನಾವು ವಹಿಸಬಾರದೇ?

ಗೊಬ್ಬರದ ಸರದಿ ಬರುವುದು ಇವೆಲ್ಲದರ ಅನಂತರ. ಬೇರು ಕೆಟ್ಟ ಗಿಡಕ್ಕೆ ಡಿ.ಎ.ಪಿ. ಸುರಿಯುವುದು ಜ್ವರ ಬಿಡದವನಿಗೆ ಹೋಳಿಗೆಯೂಟ ಬಡಿಸಿದಂತೆ. ಲವಣದ ಸಾಂದ್ರತೆ ಹೆಚ್ಚಿದಾಗ ಉಳಿದಿರುವ ನಾಲ್ಕು ಬೇರುಗಳೂ ನೀರು ಹೀರಲಾರದೆ ಸುಟ್ಟುಹೋಗುತ್ತವೆ. ಹೊಸ ಚಿಗುರು ಬಂದು ಎರಡು ಮೂರು ಎಲೆ ಬಲಿತ ಮೇಲೆ, ಒಂದು ಹಿಡಿ ಶೇಂಗಾ ಹಿಂಡಿಯನ್ನು ಮೂರು ದಿನ ನೆನೆಯಿಸಿ, ಆ ತಿಳಿಗೆ ಹತ್ತುಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಕೊಡಬಹುದು. ಆಗ ಈ ಗಿಡವು ಬಹು ಹಸಿವಿನದು. ಮಳೆಗಾಲವೆಲ್ಲ ಕೊಟ್ಟಷ್ಟನ್ನೂ ಉಂಡು ಬೆಳೆಯುತ್ತದೆ. ಮುಖ್ಯ ಕಾಂಡವು ಕವಲೊಡೆದ ಮೇಲೆಯೇ ಇದು ಹೂ ಬಿಡತಕ್ಕದ್ದಾದುದರಿಂದ, ಸವರುವವರು ಆ ಕವಲಿನ ಮೇಲ್ಭಾಗದಲ್ಲಿಯೇ ಸವರಬೇಕು. ಕೆಳಗೆ ಕತ್ತರಿಸಿದರೆ ಗಿಡವು ಮತ್ತೆ ಮೊದಲಿನಿಂದ ಬೆಳೆದು ಕವಲೊಡೆಯುವವರೆಗೆ ಹೂವಿಲ್ಲ.

ಈ ಗಿಡದ ಎಲೆ, ಹೂ, ಬೀಜ, ಬೇರುಗಳೆಲ್ಲವೂ ವಿಷ. ಅಟ್ರೋಪಿನ್, ಸ್ಕೋಪೊಲಮಿನ್‌ಗಳಂತಹ ತೀಕ್ಷ್ಣ ಪದಾರ್ಥಗಳು ಅದರಲ್ಲಿವೆ. ಶಾಲೆ, ಅಂಗನವಾಡಿಗಳ ಅಂಗಳದಲ್ಲಿಯೂ, ಆಡು ದನಗಳ ಬಾಯಿಗೆ ಎಟಕುವ ಕಡೆಯಲ್ಲಿಯೂ ಇದನ್ನು ಇಡಕೂಡದು. ಕತ್ತರಿಸಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಬೇಕು. ಇಷ್ಟು ಜಾಗ್ರತೆಯೂ, ನೆರಳೂ, ಮಳೆನೀರೂ ಇಲ್ಲದ ಮನೆಯವರು ಈ ಗಿಡದ ಗೊಡವೆಗೆ ಹೋಗದಿರುವುದು ಲೇಸು. ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದ ಹಡಗಲಿ ಮಲ್ಲಿಗೆಯು ನಮ್ಮ ಬಿಸಿಲನ್ನೇ ಉಂಡು ಅರಳುವಾಗ ಅಂಥವರಿಗೆ ಪರಿಮಳದ ಕೊರತೆಯೇನೂ ಇಲ್ಲ.

ಪ್ರತಿವರ್ಷ ಮುಂಗಾರಿನಲ್ಲಿ ಸಸಿ ಹಂಚುವ ತೋಟಗಾರಿಕೆ ಇಲಾಖೆಯವರು, ಈ ಐದು ತಾಲ್ಲೂಕುಗಳ ಕೇಂದ್ರಗಳಲ್ಲಿ ಒಂದೊಂದು ದಿನ, ಕುಂಡ ಬದಲಿಸುವ ಕ್ರಮವನ್ನೂ ಮಣ್ಣು ಬೆರೆಸುವ ಹದವನ್ನೂ ಜನರ ಕಣ್ಣೆದುರಿನಲ್ಲಿ ಮಾಡಿ ತೋರಿಸಿದರೆ ಮಹದುಪಕಾರವಾದೀತು. ಅದುವರೆಗೆ, ಓದುಗರೇ, ತಿಪ್ಪೆಗೆ ಎಸೆಯಹೊರಟ ಕುಂಡವನ್ನು ಒಮ್ಮೆ ಓರೆಮಾಡಿ ಬೇರನ್ನು ನೋಡಿರಿ. ಗಿಡವು ಚೇತರಿಸಿಕೊಂಡು ಕೊಂಬೆ ಬಲಿತಾಗ ಒಂದು ಗೇಣಿನ ಕಡ್ಡಿಯನ್ನು ಕತ್ತರಿಸಿ ಒದ್ದೆ ಮರಳಿನಲ್ಲಿ ಬೇರು ಬರಿಸಿ ನೆರೆಯವರಿಗೆ ಕೊಡಿರಿ. ಕೊಡುವಾಗ ಅದು ವಿಷದ ಗಿಡವೆಂಬುದನ್ನೂ ತಪ್ಪದೆ ತಿಳಿಸಿರಿ.