ಯಾವ ಕೆಲಸಕ್ಕೆ ಈ ಸಂದರ್ಶನ?

ಸಂದರ್ಶನಕ್ಕೆ ಹೊರಟ ತರುಣರಿಗೆ ಉಪದೇಶ ಮಾಡುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಡು, ಕೇಳಿದ್ದಕ್ಕೆ ಥಟ್ಟನೆ ಉತ್ತರ ಹೇಳು, ಎರಡು ಮಾತು ಇಂಗ್ಲಿಷಿನಲ್ಲಿ ಆಡು, ನಗುಮುಖದಿಂದಿರು. ಇಷ್ಟನ್ನು ಚಹಾದಂಗಡಿಯಲ್ಲಿ ಕುಳಿತವರೂ ಹೇಳಿಕೊಡುತ್ತಾರೆ. ಆದರೆ ಯಾವ ಕೆಲಸಕ್ಕೆ ಕರೆದಿದ್ದಾರೆ ಎಂಬುದೇ ಉಮೇದುವಾರನಿಗೆ ತಿಳಿಯದಿದ್ದರೆ ಅವನು ಏನನ್ನು ಓದಿಕೊಂಡು ಹೋಗಬೇಕು? ಈ ಪ್ರಶ್ನೆಗೆ ಉಪದೇಶಕರು ಬಾಯಿ ಬಿಡುವುದಿಲ್ಲ.

ಬಸ್ ನಿಲ್ದಾಣದ ಕಂಬಗಳ ಮೇಲೆ ಅಂಟಿಸಿದ, ಈಗ ಹೆಚ್ಚಾಗಿ ಮೊಬೈಲಿಗೇ ಬಂದು ಬೀಳುವ ಪ್ರಕಟಣೆಗಳನ್ನು ನೋಡಿ. ‘ಫೀಲ್ಡ್ ಆಫೀಸರ್’, ‘ಆಫೀಸ್ ಎಕ್ಸಿಕ್ಯುಟಿವ್’, ‘ಮ್ಯಾನೇಜ್‌ಮೆಂಟ್ ಟ್ರೈನಿ’. ಕೆಳಗೆ ‘ಆಕರ್ಷಕ ಸಂಬಳ, ನೇರ ಸಂದರ್ಶನ’ ಎಂದು ದಪ್ಪಕ್ಷರ. ಕೆಲಸವೇನೆಂಬುದು ಎಲ್ಲಿಯೂ ಇಲ್ಲ. ಆಫೀಸರ್ ಎಂಬ ಮಾತು ಕೇಳಿದೊಡನೆ ತಾಯಿ ದೇವರಿಗೆ ಕಾಯಿ ಒಡೆಸುತ್ತಾಳೆ. ಸೇರಿದ ಎರಡನೆಯ ವಾರದಲ್ಲಿ ಹುಡುಗನಿಗೆ ಅರ್ಥವಾಗುತ್ತದೆ: ಫೀಲ್ಡ್ ಎಂದರೆ ಹೆಂಗಸರ ಸಾಲದ ಗುಂಪುಗಳು, ಆಫೀಸರ್ ಎಂದರೆ ಬೆಳಗಾಗುವ ಮೊದಲೇ ಅವರ ಬಾಗಿಲಲ್ಲಿ ನಿಂತು ಕಂತು ಕೇಳುವವನು. ತನ್ನ ಸೋದರತ್ತೆಯ ಕೇರಿಗೇ ಅವನು ವಸೂಲಿಗೆ ಹೋಗಬೇಕಾಗುತ್ತದೆ.

ಈ ವಸೂಲಿಯ ಕಿರುಕುಳ ಮಿತಿಮೀರಿದ್ದರಿಂದ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ. ರಿಸರ್ವ್ ಬ್ಯಾಂಕಿನ ನೋಂದಣಿಯಿರುವ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟದ್ದು ಬೇರೆ ಮಾತು. ಆದರೆ ಬಾಗಿಲು ತಟ್ಟುವ ಕೈ ಯಾರದು? ‘ಜನರೊಡನೆ ಬೆರೆಯಲು ಬರುತ್ತದೆಯೇ’ ಎಂದು ಸಂದರ್ಶನದಲ್ಲಿ ಕೇಳಿದಾಗ, ಬರುತ್ತದೆ ಎಂದು ತಲೆಯಾಡಿಸಿ ಬಂದ ಹುಡುಗನದು.

ಖಾಸಗಿ ಶಾಲೆಗಳ ಕಥೆಯೂ ಇದಕ್ಕಿಂತ ಮೇಲೇನಲ್ಲ. ಶಿಕ್ಷಕಿಯ ಹುದ್ದೆಗೆಂದು ಹೋಗಿ, ಮಾದರಿ ಪಾಠವನ್ನೂ ಮಾಡಿ ಆಯ್ಕೆಯಾದ ಹೆಣ್ಣುಮಗಳನ್ನು ಬೇಸಿಗೆಯ ಬಿಸಿಲಿನಲ್ಲಿ ಮನೆ ಮನೆಗೆ ಕಳುಹಿಸಿ ಮಕ್ಕಳನ್ನು ಹಿಡಿದು ತರಲು ಹೇಳುವ ಪದ್ಧತಿ ಎಷ್ಟೋ ಊರುಗಳಲ್ಲಿದೆ. ಇಷ್ಟು ಮಕ್ಕಳನ್ನು ಸೇರಿಸಿದರೆ ಸಂಬಳ, ಇಲ್ಲವಾದರೆ ಜೂನ್ ತಿಂಗಳಿಗೆ ನಮಸ್ಕಾರ! ಕರಿಹಲಗೆಯ ಮುಂದೆ ನಿಂತು ಬಂದ ನಮಗೆ ಇದು ಪಾಠ ಹೇಳುವವರಿಗೆ ಮಾಡುವ ಅವಮಾನವೆಂದು ಹೇಳಲು ಸಂಕೋಚವಿಲ್ಲ. ಸರ್ಕಾರವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ವರ್ಷಗಟ್ಟಲೆ ದುಡಿಯುವವನಿಗೆ ‘ಅತಿಥಿ’ ಎಂದು ಹೆಸರಿಟ್ಟಿದೆ, ಹಳ್ಳಿಯ ಬಾಣಂತಿಯರ ಆರೈಕೆಗೆ ಓಡಾಡುವ ಆಶಾ ಕಾರ್ಯಕರ್ತೆಯನ್ನು ‘ಸ್ವಯಂಸೇವಕಿ’ ಎಂದು ಕರೆದಿದೆ. ನೌಕರರೆಂದರೆ ಸಂಬಳ ಕೊಡಬೇಕಲ್ಲ!

ಹುದ್ದೆಯ ಈ ಅಸ್ಪಷ್ಟತೆ ಬರೆಯುವವರ ಅಜಾಗರೂಕತೆಯಿಂದ ಬಂದದ್ದೆಂದು ಕೆಲವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಕೆಲಸದ ಎಲ್ಲೆ ಬರೆದಿಲ್ಲವಾದರೆ ‘ಇದು ನನ್ನ ಕೆಲಸವಲ್ಲ’ ಎಂದು ಹೇಳುವ ಹಕ್ಕೂ ದುಡಿಯುವವನಿಗೆ ಉಳಿಯುವುದಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಮೊದಲು ತಕರಾರು ಎತ್ತಿದ್ದು ಗೇಣಿಯನ್ನೇ ಕೊಡುವುದಿಲ್ಲವೆಂದಲ್ಲ. ಧಣಿ ಗೇಣಿಯ ಭತ್ತ ಅಳೆಯುವ ಕೊಳಗ ದೊಡ್ಡದಾಯಿತೆಂದು. ಆ ಸತ್ಯಾಗ್ರಹಕ್ಕೆ ಸಮಾಜವಾದಿ ಪಕ್ಷ ಕೈಗೂಡಿಸಿತು, ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಳತೆ ಧಣಿಯ ಕೈಯಲ್ಲಿದ್ದಷ್ಟು ಕಾಲ ಕರಾರಿಗೆ ಬೆಲೆಯಿಲ್ಲವೆಂದು ಆ ರೈತರು ಅರಿತಿದ್ದರು. ಇಂದಿನ ಪದವೀಧರನಿಗೆ ಕೊಳಗವನ್ನು ತೋರಿಸುವುದೇ ಇಲ್ಲ.

ಇರಲಿ, ನಾಳೆ ಬೆಳಿಗ್ಗೆ ಸಂದರ್ಶನಕ್ಕೆ ಹೋಗಲೇಬೇಕಾದವನು ಏನು ಮಾಡಬೇಕು? ಬಸ್ಸು ಹತ್ತುವ ಮೊದಲು ಕರೆದವರಿಗೆ ಫೋನು ಮಾಡಿ ಕೇಳಲಿ: ಕೆಲಸ ಎಲ್ಲಿ, ದಿನಕ್ಕೆ ಎಷ್ಟು ತಾಸು, ಕೈಗೆ ಬರುವ ಸಂಬಳ ಎಷ್ಟು, ಸಂಬಳ ಕೊಡುವವರು ಕಂಪನಿಯವರೋ ಗುತ್ತಿಗೆದಾರರೋ? ಸಂಬಳ ಕೇಳಿದರೆ ‘ಸಿಟಿಸಿ’ ಎಂದು ದೊಡ್ಡ ಅಂಕಿಯೊಂದನ್ನು ಹೇಳುವುದುಂಟು. ಮಾಲೀಕ ಭವಿಷ್ಯನಿಧಿಗೆ ಕಟ್ಟುವ ಪಾಲನ್ನೂ ಅದರಲ್ಲಿ ಸೇರಿಸಿರುತ್ತಾರೆ. ತಿಂಗಳ ಕೊನೆಗೆ ಕೈಗೆ ಬರುವುದು ಬೇರೆಯೇ. ‘ಮೊದಲು ಬನ್ನಿ, ಆಮೇಲೆ ಹೇಳುತ್ತೇವೆ’ ಎಂದರೆ ಅದೂ ಒಂದು ಉತ್ತರವೇ.

ಎರಡನೆಯದು, ಅಲ್ಲಿ ದುಡಿಯುವವರನ್ನು ಕಾಣುವುದು. ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಎದುರಿಗಿರುವ ಗೂಡಂಗಡಿಯಲ್ಲಿ ಅರ್ಧ ಗಂಟೆ ಕುಳಿತರೆ ಯಾವ ಪ್ರಕಟಣೆಯೂ ಹೇಳದ ವಿಷಯ ತಿಳಿಯುತ್ತದೆ. ಈ ಜಾಗದಲ್ಲಿ ಹಿಂದೆ ಇದ್ದವನು ಏಕೆ ಬಿಟ್ಟ ಎಂದು ಕೇಳಬೇಕು. ಮೂರು ತಿಂಗಳಿಗೊಬ್ಬರು ಬಿಡುತ್ತಿರುವ ಜಾಗವಾದರೆ ಹೆಚ್ಚು ವಿಚಾರಿಸುವ ಅಗತ್ಯವಿಲ್ಲ.

ಇನ್ನು ಸಂದರ್ಶನದ ಕೋಣೆ. ಕೇಳುವುದೇನೆಂದು ತಿಳಿಯದಾಗ ತನ್ನ ಕೈಯಿಂದ ಆದ ಕೆಲಸವನ್ನೇ ನೆಚ್ಚುವುದು ಲೇಸು. ನಮ್ಮ ಹಳ್ಳಿಗಳ ತರುಣರು ‘ಅನುಭವವಿಲ್ಲ’ ಎಂದು ಬರೆದುಕೊಡುತ್ತಾರೆ. ಹಾಲಿನ ಸಂಘದಲ್ಲಿ ಎರಡು ವರ್ಷ ಹಾಲು ಅಳೆದು, ಜಿಡ್ಡಿನ ಅಂಶ ನೋಡಿ, ಜಗಳವಿಲ್ಲದಂತೆ ಬಟವಾಡೆ ಮಾಡಿದವನಿಗೆ ಅನುಭವವಿಲ್ಲವೇ? ಲೆಕ್ಕ, ಅಳತೆ, ಜನರ ಸಂಭಾಳಿಕೆ ಮೂರೂ ಅದರಲ್ಲಿದೆ. ಅಡಿಕೆ ಕೊಯ್ಲಿಗೆ ಇಪ್ಪತ್ತು ಆಳುಗಳನ್ನು ಕೂಡಿಸಿ ಕೂಲಿ ಪಟ್ಟಿ ಬರೆದವಳು ಮೇಲ್ವಿಚಾರಣೆ ಮಾಡಿದವಳೇ. ಇಂಥ ಎರಡು ಮೂರು ಕೆಲಸಗಳನ್ನು ಯಾವಾಗ, ಎಷ್ಟು, ಹೇಗೆ ಎಂದು ಹೇಳುವಂತೆ ಸಿದ್ಧವಾಗಿರಬೇಕು. ಹೇಳಿ ಮುಗಿಸಿದ ಮೇಲೆ ಮರುಪ್ರಶ್ನೆ ಹಾಕಬೇಕು: ಮೊದಲ ತಿಂಗಳು ನನ್ನ ಕೈಗೆ ಕೊಡುವ ಕೆಲಸ ಯಾವುದು? ನಾನು ಯಾರಿಗೆ ಉತ್ತರ ಹೇಳಬೇಕು? ಟ್ರೈನಿ ಎಂದರೆ 1961ರ ಅಪ್ರೆಂಟಿಸ್ ಕಾಯಿದೆಯ ಕೆಳಗೆ ಕರಾರು ನೋಂದಣಿಯಾಗುತ್ತದೆಯೇ, ಅಥವಾ ಬರೀ ಹೆಸರಿಗೆ ಟ್ರೈನಿಯೇ? ಅಂಕಪಟ್ಟಿಯ ಮೂಲಪ್ರತಿಯನ್ನು ತೋರಿಸಬಹುದು, ಬಿಟ್ಟು ಬರಕೂಡದು. ಠೇವಣಿ ಕೇಳಿದರೆ ಕೂಡಲೆ ಎದ್ದು ಬರುವುದು.

‘ಹಸಿದವನು ಇಷ್ಟೆಲ್ಲ ಕೇಳುತ್ತ ಕುಳಿತರೆ ಕೆಲಸ ಇನ್ನೊಬ್ಬನಿಗೆ ಹೋಗುತ್ತದೆ’ ಎನ್ನುವವರಿದ್ದಾರೆ. ಸುಳ್ಳಲ್ಲ. ಒಬ್ಬನೇ ಕೇಳಿದರೆ ಅಧಿಕಪ್ರಸಂಗಿ ಎನ್ನಿಸಿಕೊಳ್ಳುತ್ತಾನೆ. ಆದುದರಿಂದಲೇ ಇದನ್ನು ಉಮೇದುವಾರನ ಧೈರ್ಯಕ್ಕೆ ಬಿಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ.

ಕಾನೂನು ಏನು ಹೇಳುತ್ತದೆ? 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದು, ನೌಕರನಿಗೆ ನೇಮಕಾತಿ ಪತ್ರ ಕೊಡಲೇಬೇಕೆನ್ನುತ್ತದೆ. ಒಳ್ಳೆಯದು. ಆದರೆ ಆ ಪತ್ರ ಬರುವುದು ನೇಮಕವಾದ ಮೇಲೆ, ಊರು ಬಿಟ್ಟು ಬಾಡಿಗೆ ಕೋಣೆಗೆ ಮುಂಗಡ ಕೊಟ್ಟಾದ ಮೇಲೆ. ಇನ್ನೊಂದು ಸಂಹಿತೆ, ಕಾರ್ಮಿಕರು ಕಾಯಂ, ಹಂಗಾಮಿ, ಬದಲಿ ಎಂದು ವಿಂಗಡಿಸಿ ಬರೆದಿಡುವ ಸ್ಥಾಯಿ ಆಜ್ಞೆಗಳ ಕಟ್ಟಳೆಯನ್ನು 300 ಕಾರ್ಮಿಕರಿರುವ ಕಾರ್ಖಾನೆಗಳಿಗೆ ಏರಿಸಿತು. 1946ರ ಕಾಯಿದೆಯಲ್ಲಿ ಆ ಸಂಖ್ಯೆ 100 ಇತ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತಾಯಿತು.

ಇದಕ್ಕಿಂತ ಹಳೆಯ ಕಾಯಿದೆಯೊಂದನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸಬೇಕೆಂದು 1959ರಲ್ಲಿಯೇ ಶಾಸನವಾಯಿತು. 25 ಅಥವಾ ಹೆಚ್ಚು ನೌಕರರಿದ್ದ ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯಿಸುತ್ತಿತ್ತು. ಹುದ್ದೆಯ ಹೆಸರು, ಮಾಡಬೇಕಾದ ಕೆಲಸದ ವಿವರ, ಕಾಯಮೋ ತಾತ್ಕಾಲಿಕವೋ, ಸಂಬಳ ಭತ್ಯೆ, ಕೆಲಸದ ಸ್ಥಳ, ಇಷ್ಟನ್ನೂ ಬರೆದುಕೊಡಬೇಕೆಂದು 1960ರ ನಿಯಮಗಳಲ್ಲಿತ್ತು. ಅದರ ಜಾಗಕ್ಕೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ವಿನಿಮಯ ಕೇಂದ್ರಕ್ಕೆ ‘ಕೆರಿಯರ್ ಸೆಂಟರ್’ ಎಂಬ ಹೊಸ ನಾಮಕರಣವೂ ಆಗಿದೆ. ಕೇಂದ್ರದ ಕಡತಕ್ಕೆ ಕೊಡಬಹುದಾದ ವಿವರವನ್ನು ಬಾಗಿಲಲ್ಲಿ ನಿಂತ ಉಮೇದುವಾರನಿಗೆ ಕೊಡಲು ಏನು ಅಡ್ಡಿ? ಇದೇ ವಿವರವನ್ನು ಕನ್ನಡದಲ್ಲಿ ಬರೆದು, ಸಂದರ್ಶನ ನಡೆಯುವ ಸ್ಥಳದ ಬಾಗಿಲಿಗೆ ಅಂಟಿಸುವುದು ಕಡ್ಡಾಯವಾಗಬೇಕು. ಇದಕ್ಕೆ ಖಜಾನೆಯಿಂದ ಒಂದು ಪೈಸೆಯೂ ಖರ್ಚಾಗುವುದಿಲ್ಲ. ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿಗೆ ಈ ಬೇಡಿಕೆಯನ್ನು ತರುಣರ ಸಹಿಯೊಂದಿಗೆ ಒಯ್ಯಬೇಕೆಂಬುದು ನಮ್ಮ ಸಲಹೆ.

ಅದು ಆಗುವವರೆಗೆ ತಾಲ್ಲೂಕು ಕಚೇರಿಗಳಲ್ಲಿರುವ ನಮ್ಮ ಸಂಗಾತಿಗಳು ಒಂದೊಂದು ನೋಟುಬುಕ್ಕು ಇಡಲಿ. ಸಂದರ್ಶನಕ್ಕೆ ಹೋಗಿ ಬಂದವರು ಅದರಲ್ಲಿ ನಾಲ್ಕು ಸಾಲು ಬರೆಯಲಿ: ಪ್ರಕಟಣೆಯಲ್ಲಿದ್ದ ಹುದ್ದೆಯ ಹೆಸರು, ನಿಜವಾಗಿ ಮಾಡಿಸಿದ ಕೆಲಸ, ಹೇಳಿದ ಸಂಬಳ, ಕೈಗೆ ಬಂದ ಸಂಬಳ. ಮುಂದೆ ಹೋಗುವವರು ಹೊರಡುವ ಮುನ್ನ ಅದನ್ನು ಓದಲಿ. ಸಾಧ್ಯವಾದರೆ ಇಬ್ಬರು ಮೂವರು ಕೂಡಿಯೇ ಹೋಗಲಿ. ಬರೆದ ಪುಟಗಳ ನಕಲನ್ನು ಪ್ರಕಟಣೆಯ ಪ್ರತಿಯೊಡನೆ ಈ ಪತ್ರಿಕೆಯ ಕಚೇರಿಗೆ ಕಳುಹಿಸಿದರೆ, ಬರೆದವರ ಹೆಸರು ಬಿಟ್ಟು, ಪ್ರತಿ ವಾರವೂ ಅಚ್ಚು ಹಾಕಲು ಸಿದ್ಧರಿದ್ದೇವೆ.