ಹರಿಯುವ ನೀರಿಗೆ ಮೈಲಿಗೆ ಇಲ್ಲವೇ?

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಗಾದೆಯನ್ನು ನಮ್ಮ ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು. ಮೀಯುವುದಕ್ಕೆ ಗಂಗೆ, ಕುಡಿಯುವುದಕ್ಕೆ ತುಂಗೆ. ಅಷ್ಟು ಸಿಹಿ, ಅಷ್ಟು ತಿಳಿ ಆ ನೀರು. ಇಂದು ಶಿವಮೊಗ್ಗ ದಾಟಿದ ತುಂಗೆಯನ್ನು ಬೊಗಸೆಯಲ್ಲಿ ಎತ್ತಿ ಕುಡಿ ಎಂದು ಯಾವ ಅಜ್ಜನೂ ಮೊಮ್ಮಗನಿಗೆ ಹೇಳಲಾರ.

ತುಂಗೆ, ಭದ್ರೆ ಎರಡೂ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟುತ್ತವೆ. ತುಂಗೆ ಶೃಂಗೇರಿ, ತೀರ್ಥಹಳ್ಳಿಗಳನ್ನು ದಾಟಿ ಶಿವಮೊಗ್ಗಕ್ಕೆ ಬರುತ್ತಾಳೆ. ಭದ್ರೆ ಭದ್ರಾವತಿಯ ನಡುವೆಯೇ ಹಾಯುತ್ತಾಳೆ. ಈ ಎರಡು ಊರುಗಳ ಚರಂಡಿಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಅಕ್ಕತಂಗಿಯರು ಕೂಡಲಿಯಲ್ಲಿ ಒಂದಾಗುವುದು. ಆ ಸಂಗಮದಲ್ಲಿ ನಾವು ಪುಣ್ಯಸ್ನಾನ ಮಾಡುತ್ತೇವೆ. ಅದೇ ನೀರು ಹೊನ್ನಾಳಿಗೆ, ಹರಿಹರಕ್ಕೆ ಹೋಗುತ್ತದೆ. ಹರಿಹರದ ಬಳಿಯಿಂದ ದಾವಣಗೆರೆಯ ನಲ್ಲಿಗಳಿಗೆ ಏರುತ್ತದೆ. ಮುಂದೆ ಹೊಸಪೇಟೆಯ ಜಲಾಶಯ, ಹಂಪೆ, ಮಂತ್ರಾಲಯ, ಕರ್ನೂಲು. ಮೇಲಿನ ಊರಿನ ಬಚ್ಚಲ ನೀರೇ ಕೆಳಗಿನ ಊರಿನ ಕೊಡದ ನೀರಾಗುವ ಈ ಸಾಲಿನಲ್ಲಿ ಎಲ್ಲರೂ ಒಬ್ಬರಿಗೆ ಮೇಲಿನವರು, ಇನ್ನೊಬ್ಬರಿಗೆ ಕೆಳಗಿನವರು.

ನದಿಯ ಮಾಲಿನ್ಯವೆಂದೊಡನೆ ಕಾರ್ಖಾನೆಯ ಕಡೆ ಬೊಟ್ಟು ಮಾಡುವುದು ರೂಢಿ. ಅದು ಸುಳ್ಳಲ್ಲ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಕಾರ್ಖಾನೆಯ ತ್ಯಾಜ್ಯ ನದಿಗೆ ಸೇರುವುದರ ವಿರುದ್ಧ 1980ರ ದಶಕದಲ್ಲಿ ಹಳ್ಳಿಗರೂ ಸಮಾಜ ಪರಿವರ್ತನ ಸಮುದಾಯದವರೂ ನಡೆಸಿದ ಹೋರಾಟವನ್ನು ಆ ಸೀಮೆಯ ಹಿರಿಯರು ಮರೆತಿಲ್ಲ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಪಟ್ಟಿಯನ್ನು ನೋಡಿರಿ. ದೇಶದಲ್ಲಿ 351 ಕಡೆ ನದಿಪಾತ್ರ ಮಲಿನವಾಗಿದೆಯೆಂದು ಅದು ಹೇಳಿತು. 2022ರ ವೇಳೆಗೆ ಅದು 311ಕ್ಕೆ ಇಳಿಯಿತು. 2018ರ ಪಟ್ಟಿಯಲ್ಲಿ ಕರ್ನಾಟಕದ ನದಿಗಳೇ 17. ತುಂಗೆ, ಭದ್ರೆ, ತುಂಗಭದ್ರೆ, ಕೃಷ್ಣೆ, ಮಲಪ್ರಭೆ, ಕಾವೇರಿ, ಕಪಿಲೆ ಎಲ್ಲವೂ ಅಲ್ಲಿದ್ದವು. ನೇತ್ರಾವತಿ, ಕುಮಾರಧಾರೆಗಳೂ ಇದ್ದವು. ಸುಬ್ರಹ್ಮಣ್ಯದಲ್ಲಿ ಯಾವ ದೊಡ್ಡ ಕಾರ್ಖಾನೆಯಿದೆ? ಅಲ್ಲಿಗೆ ಹೋಗುವವರು ಭಕ್ತರು, ನಾವೇ.

ಈ ಪಟ್ಟಿಗೆ ಸೇರುವ ಅಳತೆ ಏನೆಂದು ತಿಳಿದರೆ ಇನ್ನಷ್ಟು ನೋವಾಗುತ್ತದೆ. ನೀರಿನಲ್ಲಿ ಬಿದ್ದ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಅರಗಿಸುತ್ತವೆ. ಅದಕ್ಕಾಗಿ ನೀರಿನ ಆಮ್ಲಜನಕವನ್ನೇ ಬಳಸಿಕೊಳ್ಳುತ್ತವೆ. ಹೀಗೆ ಬೇಕಾಗುವ ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಆ ನೀರು ಸ್ನಾನಕ್ಕೂ ತಕ್ಕದ್ದಲ್ಲ. ಕುಡಿಯುವ ಮಾತು ಹಾಗಿರಲಿ, ಮೀಯಲೂ ಆಗದ ನೀರಿನ ಪಟ್ಟಿ ಇದು. ಕೊಳೆ ಹೆಚ್ಚಾದಷ್ಟೂ ಮೀನಿಗೆ ಉಸಿರು ಕಡಿಮೆ. ಬೇಸಿಗೆಯಲ್ಲಿ ಹರಿವು ಸೊರಗಿದಾಗ ಮೀನು ಸತ್ತು ತೇಲುವುದು ಇದರಿಂದಲೇ. ಚರಂಡಿಯ ಸಾರ, ಸಾಬೂನಿನ ಪುಡಿಯ ರಂಜಕ, ಹೊಲಗದ್ದೆಗಳಿಂದ ತೊಳೆದು ಬರುವ ಗೊಬ್ಬರ ಎಲ್ಲ ಸೇರಿದಲ್ಲಿ ಪಾಚಿ ಕೊಬ್ಬುತ್ತದೆ. ತುಂಗಭದ್ರಾ ಜಲಾಶಯದ ನೀರು ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಹಸಿರಾದ ಸುದ್ದಿಯನ್ನು ಓದುಗರು ಬಲ್ಲರು. ವಾಂತಿಭೇದಿ, ಕಾಮಾಲೆ, ವಿಷಮಶೀತ ಜ್ವರಗಳು ಮೊದಲು ತಟ್ಟುವುದು ನೀರು ಕಾಯಿಸಲು ಸೌದೆಯನ್ನೂ ಲೆಕ್ಕ ಹಾಕುವ ಬಡವರ ಮನೆಯನ್ನು.

ನದಿಯನ್ನು ತಾಯಿಯೆಂದು ಪೂಜಿಸುವ ನಾವೇ ಇದನ್ನು ನೋಡಿಕೊಂಡು ಹೇಗೆ ಸುಮ್ಮನಿದ್ದೇವೆ? ‘ಹರಿಯುವ ನೀರಿಗೆ ಮೈಲಿಗೆ ಇಲ್ಲ’ ಎಂಬ ನಂಬಿಕೆಯೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ. ಪವಿತ್ರವಾದುದು ಕೆಡದು, ಎಲ್ಲರ ಕೊಳೆಯನ್ನೂ ತೊಳೆದು ತಾನು ಶುದ್ಧವಾಗಿಯೇ ಉಳಿಯುತ್ತದೆ ಎಂಬ ಭಾವನೆ ನಮ್ಮ ಕೈಯನ್ನು ಸಡಿಲ ಬಿಟ್ಟಿದೆ. ‘ವೀರಶೈವರಿಗೆ ಸೂತಕವೇ ಇಲ್ಲವಲ್ಲ, ನೀರಿಗೆಲ್ಲಿಯ ಮೈಲಿಗೆ?’ ಎಂದು ವಾದಿಸುವವರೂ ಇದ್ದಾರೆ. ಶರಣರು ನಿರಾಕರಿಸಿದ್ದು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು. ಮನುಷ್ಯನನ್ನು ಮನುಷ್ಯ ಹೊಲೆಯೆಂದು ದೂರವಿಡುವ ಮೈಲಿಗೆ ಅದು. ಶೌಚಾಲಯದ ಕೊಳವೆಯನ್ನು ಹೊಳೆಗೆ ತಿರುಗಿಸಲು ಅವರು ಯಾರಿಗೂ ಅಪ್ಪಣೆ ಕೊಟ್ಟಿಲ್ಲ.

ಇನ್ನು ಬಟ್ಟೆ ಬಿಡುವ ಪದ್ಧತಿ. ಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟರೆ ಪಾಪ ಕಳೆಯಿತೆಂಬ ಭ್ರಮೆ ಎಲ್ಲಿಂದ ಬಂತೋ ಶಿವನೇ ಬಲ್ಲ. ಹಿಂದೆ ಉಡುತ್ತಿದ್ದ ಹತ್ತಿಯ ಪಂಚೆಯಾದರೆ ಕೊಳೆತು ಮಣ್ಣಾದೀತು. ಇಂದಿನ ಪಾಲಿಯೆಸ್ಟರ್ ಸೀರೆ, ಅಂಗಿಗಳು ಕಲ್ಲಿನ ಸಂದಿಗೆ ಸಿಕ್ಕಿ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ. ಸವೆದರೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳಾಗುತ್ತವೆ. ಪುಣ್ಯಕ್ಷೇತ್ರಗಳ ನದಿದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ಭಕ್ತರು ನದಿಯಲ್ಲಿ ಬಟ್ಟೆ ಬಿಡದಂತೆ ನೋಡಿಕೊಳ್ಳಲು 2025ರ ಮಾರ್ಚಿನಲ್ಲಿ ರಾಜ್ಯದ ಪರಿಸರ ಸಚಿವರು ಅಧಿಕಾರಿಗಳಿಗೆ ಸೂಚಿಸಬೇಕಾಯಿತು. ಗುರುಗಳು, ಅರ್ಚಕರು ಹೇಳಬೇಕಾಗಿದ್ದ ಮಾತನ್ನು ಸರ್ಕಾರ ಹೇಳಿತು.

ಕಾನೂನಿಗೇನೂ ಬರವಿಲ್ಲ. ಜಲ ಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಅದರ 24ನೇ ಕಲಮಿನಂತೆ ಮಲಿನಕಾರಕ ವಸ್ತುವನ್ನು ತಿಳಿದೂ ತಿಳಿದೂ ಹೊಳೆಗೆ ಬಿಡುವುದು ನಿಷಿದ್ಧ. ಆದರೆ ಪುರಸಭೆ, ನಗರಸಭೆಗಳ ಚರಂಡಿಯೇ ಹೊಳೆ ಸೇರುತ್ತಿದ್ದರೆ ಯಾರನ್ನು ಯಾರು ಕೇಳಬೇಕು? ಶುದ್ಧೀಕರಣ ಘಟಕ ಕಟ್ಟಿದರಷ್ಟೇ ಸಾಲದು. ಮನೆಮನೆಯ ಕೊಳವೆ ಒಳಚರಂಡಿಗೆ ಸೇರಬೇಕು, ಘಟಕದ ಯಂತ್ರ ದಿನವೂ ಓಡಬೇಕು, ಅದರ ಕರೆಂಟಿನ ಬಿಲ್ಲು ಕಟ್ಟಬೇಕು. ಓಟು ಕೇಳಲು ಬಂದವರಿಗೆ ನಾವು ರಸ್ತೆ ಕೇಳುತ್ತೇವೆ, ಸಮುದಾಯ ಭವನ ಕೇಳುತ್ತೇವೆ; ಈ ಬಿಲ್ಲಿನ ಮಾತನ್ನು ಎತ್ತುವುದಿಲ್ಲ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಹೊರಟು ನದಿದಡದ ಊರುಗಳಲ್ಲಿ ಈ ವಿಷಯವನ್ನೇ ಎತ್ತಿದ್ದು ಸಮಾಧಾನದ ಸಂಗತಿ.

ಮಠಮಾನ್ಯಗಳು ತಮ್ಮ ಅಂಗಳದಿಂದಲೇ ಆರಂಭಿಸಬಹುದು. ದಾಸೋಹದ ಅಡುಗೆಮನೆಯ ನೀರನ್ನು ತೆಂಗು, ಬಾಳೆಯ ತೋಟಕ್ಕೆ ತಿರುಗಿಸಬಹುದು. ಪೂಜೆಯ ಹೂವು, ಪತ್ರೆಯನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಅದರ ಪಾವಿತ್ರ್ಯವೇನೂ ಕುಂದದು. ಪ್ಲಾಸ್ಟಿಕ್ ಹೊದಿಕೆಯ ತಟ್ಟೆಯ ಬದಲು ಮುತ್ತುಗದೆಲೆ ತರಬಹುದು. ಮುಂದಿನ ಜಾತ್ರೆಯ ಪೂರ್ವಭಾವಿ ಸಭೆಯಲ್ಲಿ ರಥ, ಪಲ್ಲಕ್ಕಿ, ಪ್ರಸಾದದ ಚರ್ಚೆ ಮುಗಿದ ಮೇಲೆ, ತಾತ್ಕಾಲಿಕ ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆಂದು ಯಾರಾದರೂ ಒಬ್ಬ ಭಕ್ತರು ಎದ್ದು ನಿಂತು ಕೇಳಲಿ. ಸಭೆಯವರು ನಕ್ಕರೆ ನಗಲಿ, ಉತ್ತರ ಬರುವವರೆಗೆ ಅವರು ಕೂರುವುದು ಬೇಡ.