ಮೊಲದ ಮನೆಗೆ ಬೆಂಕಿ

ಸರ್ಕಾರಿ ಕಡತಗಳ ಭಾಷೆಯಲ್ಲಿ ಕುರುಚಲು ಗುಡ್ಡವೆಂದರೆ ಬಂಜರು. ಕೇಂದ್ರ ಸರ್ಕಾರ 2000ರಲ್ಲಿ ಪ್ರಕಟಿಸಿದ ಬಂಜರು ಭೂಮಿಯ ನಕಾಶೆಪುಸ್ತಕವೂ ಕುರುಚಲು ನೆಲವನ್ನು ಅದೇ ಪಟ್ಟಿಗೆ ಸೇರಿಸಿತು. ಬಂಜರೆಂದ ಮೇಲೆ ಬೆಂಕಿಯಿಟ್ಟರೆ ನಷ್ಟವೇನು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಗುಡ್ಡಗಳ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಜೀವಿ ಕಾಡುಮೊಲ.

ಮೊಲ ಇಲಿಯ ಜಾತಿಯದಲ್ಲ. ಮೇಲ್ದವಡೆಯ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಜೊತೆ ಚಿಕ್ಕ ಹಲ್ಲುಗಳಿರುವ ಬೇರೆಯೇ ಗಣ ಅದರದು. ಹಿಮಾಲಯದ ಎತ್ತರದಲ್ಲಿ ಬದುಕುವ, ಬಾಲವೇ ಕಾಣದ ಪೀಕಾ ಅದರ ದಾಯಾದಿ. ಪೀಕಾಕ್ಕೆ ಅಡಗಲು ಬಂಡೆಯ ಸಂದುಗಳಿವೆ. ಸಾಕುಮೊಲಗಳ ಮೂಲವಾದ ಯುರೋಪಿನ ಮೊಲ ಬಿಲ ತೋಡುತ್ತದೆ. ಕತ್ತಿನ ಹಿಂಭಾಗ ಕಪ್ಪಾಗಿರುವ ಈ ಸೀಮೆಯ ಮೊಲ ಬಿಲ ತೋಡುವುದಿಲ್ಲ. ಹಗಲೆಲ್ಲ ಹುಲ್ಲಿನ ಬುಡದ ತಗ್ಗಿನಲ್ಲಿ ಮೈ ಅಡಗಿಸಿ ಕುಳಿತು, ಕತ್ತಲಾಗುವ ಹೊತ್ತಿಗೆ ಮೇಯಲು ಹೊರಡುತ್ತದೆ. ಮರಿಗಳು ಮೈತುಂಬ ಕೂದಲು ಹೊತ್ತು, ಕಣ್ಣು ತೆರೆದೇ ಹುಟ್ಟುತ್ತವೆ. ಆದರೆ ಎಳೆಯ ಮರಿ ಓಡಿ ಪಾರಾಗಲಾರದು. ಅಲುಗಾಡದೆ ಕೂರುವುದೇ ಅದರ ರಕ್ಷಣೆ. ಈ ಉಪಾಯದಿಂದ ನರಿಯ ಕಣ್ಣು ತಪ್ಪಿಸಬಹುದು, ಬೆಂಕಿಯನ್ನಲ್ಲ.

ಸುಟ್ಟರೆ ಕುರಿಗಳಿಗೆ ಹೊಸ ಚಿಗುರು ಬರುತ್ತದೆ ಎಂಬುದು ಒಂದು ವಾದ. ಚಿಗುರು ಬರುವುದು ನಿಜ. ಅದಕ್ಕೆ ಮೊದಲೇ ಬೀಳುವ ಮುಂಗಾರಿನ ರಭಸದ ಮಳೆ ಹೊದಿಕೆಯಿಲ್ಲದ ಕೆಂಪು ಮಣ್ಣನ್ನು ಕೊಚ್ಚಿ ಕೆರೆಗೆ ತುಂಬುತ್ತದೆ ಎಂಬುದೂ ಅಷ್ಟೇ ನಿಜ. ಶೇಂಗಾ ಸಸಿಯನ್ನು ಮೊಲ ಕಡಿಯುತ್ತದೆ ಎಂಬುದು ಇನ್ನೊಂದು ದೂರು. ಗುಡ್ಡದ ಹುಲ್ಲನ್ನು ಸುಟ್ಟು ಬೂದಿ ಮಾಡಿದ ಮೇಲೆ ಮೊಲ ಮೇಯುವುದಾದರೂ ಎಲ್ಲಿ? ಚಿರತೆ, ನರಿ, ಗೂಬೆಗಳ ಆಹಾರವೂ ಮೊಲವೇ. ಅದಿಲ್ಲವಾದರೆ ಚಿರತೆಯ ದೃಷ್ಟಿ ಕುರಿಹಟ್ಟಿಯ ಕಡೆಗೆ ತಿರುಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮೊಲದ ಬೇಟೆ ಅಪರಾಧ. ಬಲೆ ಹಾಕಿದವನನ್ನು ಶಿಕ್ಷಿಸುವ ಕಾನೂನು, ಮೊಲದ ಮನೆಯನ್ನೇ ಬಂಜರೆಂದು ಕರೆಯುವ ಕಡತವನ್ನು ಪ್ರಶ್ನಿಸುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಹಟ ಇಲ್ಲಿ ಇಲಾಖೆಗಳದು.

ಕರಡ, ಕಾರೆ, ಬಂದರಿಕೆ, ತಂಗಡಿ ಬೆಳೆದ ನೆಲ ಬಂಜರಲ್ಲ. ಅದು ಹುಲ್ಲುಗಾವಲು, ಕುರುಚಲು ಕಾಡು. ಗ್ರಾಮಸಭೆಗಳು ಬೇಸಿಗೆಗೆ ಮುನ್ನವೇ ಬೆಂಕಿ ತಡೆಯುವ ನಿರ್ಣಯ ಕೈಗೊಳ್ಳಬೇಕು. ಕುರಿಗಾಹಿಗಳೊಂದಿಗೆ ಕೂತು, ಈ ವರ್ಷ ಯಾವ ಗುಡ್ಡ ಮೇಯಲು, ಯಾವುದು ಬಿಡಲು ಎಂದು ಸರದಿ ಗೊತ್ತುಪಡಿಸಬೇಕು. ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮೂರ ಗುಡ್ಡದ ಹುಲ್ಲು, ಪೊದೆ, ಪ್ರಾಣಿಗಳ ಪಟ್ಟಿ ಬರೆದು ಪಂಚಾಯಿತಿಯ ಮುಂದಿಡಬೇಕು. ಕಡತದ ಸುಳ್ಳಿಗೆ ಉತ್ತರ ಆ ಪಟ್ಟಿಯೇ.